ಫೋನೋ, ಮನೆ ಬಾಗಿಲೋ: ಜಗಳದಲ್ಲಿ ತಂಡವೇ ಒಡೀತಿದೆ

ಕರಪತ್ರದವಳು:
ಪಕ್ಷೇತರ ಅಭ್ಯರ್ಥಿಯೊಬ್ಬರ ಪರ ಓಡಾಡ್ತಿರೋ ಇಪ್ಪತ್ತಮೂರು ಜನರ ತಂಡ ನಮ್ಮದು. ಯಾರಿಗೂ ಸಂಬಳ ಇಲ್ಲ, ಹಾಗಾಗಿ ಯಾರನ್ನೂ ಗದರಿಸೋ ಹಾಗೂ ಇಲ್ಲ. ಮತದಾನಕ್ಕೆ ಐದು ವಾರ ಇದೆ. ಹಿರಿಯರಿಬ್ಬರಲ್ಲಿ ಒಬ್ಬರು ‘ಮನೆ ಮನೆಗೆ ಹೋಗದೆ ಓಟು ಬೀಳಲ್ಲ’ ಅಂತಾರೆ. ಇನ್ನೊಬ್ಬರು ‘ಒಂದು ಬೀದಿ ಸುತ್ತೋ ಹೊತ್ತಿಗೆ ನೂರು ಫೋನ್ ಮಾಡಬಹುದು’ ಅಂತಾರೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಗ್ರೂಪಿನಲ್ಲಿ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಬಂತು. ಕೇಳಿ ಮುಗಿಸೋ ಅಷ್ಟರಲ್ಲಿ ಅದಕ್ಕೆ ಉತ್ತರವಾಗಿ ಇನ್ನೊಂದು. ಬೆಳಿಗ್ಗೆ ಎದ್ದು ನೋಡಿದರೆ ಮೂವರು ಗ್ರೂಪ್ ಬಿಟ್ಟಿದ್ದಾರೆ. ಜಗಳ ಆಡಿದವರಿಬ್ಬರೂ ಅಲ್ಲೇ ಇದ್ದಾರೆ! ಬಿಟ್ಟವರಲ್ಲಿ ಮತದಾರರ ಪಟ್ಟಿಗೆ ಗುರುತು ಹಾಕ್ತಿದ್ದ ಹುಡುಗಿಯೂ ಒಬ್ಬಳು. ಪಟ್ಟಿ ಅವಳ ಹತ್ತಿರವೇ ಇದೆ. ಸಭೆ ಕರೆದು ಕೈ ಎತ್ತಿಸಿ ಮುಗಿಸಿಬಿಡಲಾ?

ಹಳೇ ಚಪ್ಪಲಿ:
ಕೈ ಎತ್ತಿಸಬೇಡಿ ತಾಯಿ. ಉಳಿದ ಇಪ್ಪತ್ತರಲ್ಲಿ ಹನ್ನೊಂದು–ಒಂಬತ್ತು ಬಂದರೆ ಸೋತ ಒಂಬತ್ತು ಜನ ಭಾನುವಾರ ‘ಮನೆಯಲ್ಲಿ ಕೆಲಸ ಇದೆ’ ಅಂತಾರೆ. ಮೊದಲು ಆ ಹುಡುಗಿಗೆ ಫೋನ್ ಮಾಡಿ. ಪಟ್ಟಿಯ ಸುದ್ದಿ ಎತ್ತಲೇಬೇಡಿ. ಆಮೇಲೆ ಹಿರಿಯರಿಬ್ಬರನ್ನೂ ಬೇರೆ ಬೇರೆಯಾಗಿ ಹೋಗಿ ಮಾತಾಡಿಸಿ. ನಮ್ಮಲ್ಲಿ ಒಮ್ಮೆ ಬ್ಯಾನರಿನ ಬಣ್ಣಕ್ಕೆ ಎರಡು ಸಂಜೆ ಕಿತ್ತಾಡಿದ್ದೆವು. ಕೊನೆಗೆ ನೋಡಿದರೆ ಜಗಳ ತೆಗೆದ ಮನುಷ್ಯನಿಗೆ ಬಣ್ಣದ ಗೊಡವೆಯೇ ಇರಲಿಲ್ಲ. ಹಿಂದಿನ ಸಭೆಗೆ ಅವರನ್ನು ಕರೆಯೋದೇ ಮರೆತಿದ್ದೆವು.

ಲೆಕ್ಕದವನು:
1998ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಸುಮಾರು 30,000 ಮತದಾರರನ್ನಿಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದ್ದರು. ಮನೆಗೆ ಹೋಗಿ ಮಾತಾಡಿಸಿದ ಕಡೆ ಮತದಾನ ಏರಿತು, ಫೋನಿನಿಂದ ಏನೂ ಆಗಲಿಲ್ಲ. ಆದರೆ ಅಲ್ಲಿ ಫೋನ್ ಮಾಡಿದವರು ದುಡ್ಡಿಗೆ ಕೂತು, ಬರೆದುಕೊಟ್ಟದ್ದನ್ನು ಓದಿದವರು. ಸ್ವಯಂಸೇವಕರು ಸಾವಕಾಶವಾಗಿ ಮಾತಾಡಿದರೆ ಫೋನೂ ಕೆಲಸ ಮಾಡುತ್ತೆ ಅಂತ ಆಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮೇಲಾಗಿ ಅವರು ಅಳೆದದ್ದು ಜನ ಬೂತಿಗೆ ಬಂದರಾ ಅಂತ ಅಷ್ಟೇ, ಯಾರಿಗೆ ಹಾಕಿದರು ಅಂತ ಅಲ್ಲ. ಹಾಗಾಗಿ ಇದನ್ನು ಗ್ರೂಪಿಗೆ ಎಸೆದು ಯಾರ ಬಾಯಿಯನ್ನೂ ಮುಚ್ಚಿಸೋಕೆ ಹೋಗಬೇಡಿ. ಚೀಟಿ ಎತ್ತಿ ಬೀದಿಗಳನ್ನು ಹಂಚಿ. ಒಂದು ವಾರ ಅವರವರ ದಾರಿ ಅವರು ಹಿಡಿಯಲಿ. ಏನನ್ನು ಎಣಿಸಬೇಕು ಅನ್ನೋದನ್ನು ಮಾತ್ರ ಇಬ್ಬರೂ ಮುಂಚೆಯೇ ಒಪ್ಪಿರಬೇಕು: ‘ಖಂಡಿತ ಬರ್ತೀನಿ’ ಅಂದವರೆಷ್ಟು, ಬಾಗಿಲೇ ತೆಗೆಯದವರೆಷ್ಟು, ಫೋನ್ ಕಟ್ ಮಾಡಿದವರೆಷ್ಟು.

ಹಳೇ ಚಪ್ಪಲಿ:
ಆ ಎಣಿಕೆ ಬರೆದಿಡೋದು ಯಾರಪ್ಪಾ? ಗುರುತು ಹಾಕೋ ಹುಡುಗಿ ತಾನೇ!

ಕರಪತ್ರದವಳು:
ಅವಳಿಗೆ ಫೋನ್ ಮಾಡಿದೆ. ಬಾಗಿಲೋ ಫೋನೋ ಅವಳಿಗೆ ಲೆಕ್ಕಕ್ಕೇ ಇಲ್ಲ. ಆ ವಾಯ್ಸ್ ಮೆಸೇಜಿನ ಮೂರನೇ ನಿಮಿಷದಲ್ಲಿ ‘ಪಟ್ಟಿ ಗೀಚ್ಕೊಂಡು ಕೂತಿರೋರಿಗೆ ಏನು ಗೊತ್ತು’ ಅಂತ ಒಂದು ಮಾತಿದೆ. ನಾನು ಎರಡು ಸಲ ಕೇಳಿದ್ದರೂ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಹೇಳಿದವರ ಮನೆಗೆ ನಾಳೆ ಹೋಗ್ತೀನಿ. ಬೀದಿ ಹಂಚೋದು ಅದಾದ ಮೇಲೆ. ಸದ್ಯಕ್ಕೆ ರಾತ್ರಿ ಒಂಬತ್ತಾದ ಮೇಲೆ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯದ ಹಾಗೆ ಮಾಡಿದ್ದೀನಿ. ಅಡ್ಮಿನ್ ನಾನೊಬ್ಬಳೇ ಆದ್ದರಿಂದ ಈಗ ಅದಕ್ಕೂ ಗೊಣಗಾಟ ಶುರುವಾಗಿದೆ.