ಪ್ರತಿ ವಾರ ತೆಗೆದರೂ ಗ್ರೀಸ್ ಟ್ರ್ಯಾಪ್ ಕಟ್ಟುತ್ತಿದೆ, ಯಾರಾದರೂ ದಾರಿ ಹೇಳಿ

ಖಾನಾವಳಿ_ಹುಬ್ಬಳ್ಳಿ:
ತಲೆ ಕೆಟ್ಟು ಹೋಗಿದೆ. ಬಾಂಡೆ ತೊಳೆದ ನೀರಿನ ಜಿಡ್ಡು ಹಿಡಿಯುವ ಗುಂಡಿ ಇದೆಯಲ್ಲ, ಆ ಟ್ರ್ಯಾಪಿನ ಜಿಡ್ಡನ್ನು ಪ್ರತಿ ಸೋಮವಾರ ಹುಡುಗರು ತೆಗೆಯುತ್ತಾರೆ, ನಾನೇ ನಿಂತು ನೋಡುತ್ತೇನೆ, ಬುಧವಾರ ಸಂಜೆಗೆ ಮತ್ತೆ ಮೋರಿಯಲ್ಲಿ ನೀರು. ಗುರುವಾರ ಊಟದ ಹೊತ್ತಿಗೆ ವಾಸನೆ ಗಲ್ಲಾ ತನಕ. ಪಕ್ಕದ ಅಂಗಡಿಯವರು ದೂರು ಕೊಟ್ಟರು, ಗಟಾರಕ್ಕೆ ಎಣ್ಣೆ ಬಿಡುತ್ತೀರಿ ಅಂತ ನೋಟಿಸ್ ಬಂತು, ಏಳು ದಿನ ಟೈಮ್. ಟ್ರ್ಯಾಪ್ ಕಟ್ಟಿಸಿ ಎರಡು ವರ್ಷವೂ ಆಗಿಲ್ಲ. ಕಟ್ಟಿದವನು ಫೋನ್ ಎತ್ತುತ್ತಿಲ್ಲ.

ಪೈಪ್_ಧಾರವಾಡ:
ಸೈಜ್ ಇಲ್ಲ, ದಿನಕ್ಕೆ ಎಷ್ಟು ಊಟ ಅಂತಿಲ್ಲ, ಯಾವ ಎಣ್ಣೆ ಅಂತಿಲ್ಲ. ಇರಲಿ, ಬಿಸಿನೀರಿನಲ್ಲಿ ಬಾಂಡೆ ತೊಳೆಯುತ್ತೀರಿ, ಅಲ್ವಾ? ಜಿಡ್ಡು ಕರಗಿ ಟ್ರ್ಯಾಪ್ ದಾಟುತ್ತದೆ, ಮುಂದೆ ಪೈಪಿನಲ್ಲಿ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಹತ್ತರಲ್ಲಿ ಎಂಟು ಕಡೆ ಇದೇ ಕಥೆ.

ಖಾನಾವಳಿ_ಹುಬ್ಬಳ್ಳಿ:
3 ಅಡಿ ಉದ್ದ, 2 ಅಗಲ, ಎರಡೂವರೆ ಆಳ, ಎರಡು ಖಾನೆ. ದಿನಕ್ಕೆ 150 ಊಟ. ಅಡುಗೆಗೆ ಶೇಂಗಾ ಎಣ್ಣೆ, ಸಂಜೆ ಮಿರ್ಚಿ ಭಜಿಗೆ ಪಾಮ್. ಬಿಸಿನೀರು ಬಳಸುವುದೇ ಇಲ್ಲ ಸರ್, ಬೋರ್ ನೀರು.

ಪೈಪ್_ಧಾರವಾಡ:
ಹುಡುಗರನ್ನು ಕೇಳಿ ನೋಡಿ. ನೀವಿಲ್ಲದಾಗ ಅನ್ನದ ಪಾತ್ರೆಗೆ ಕುದಿನೀರು ಸುರಿದೇ ಸುರಿಯುತ್ತಾರೆ.

ಮೆಸ್_ಗದಗ:
ಇಟ್ಟಿಗೆ ಟ್ರ್ಯಾಪ್ ಈಗಿನ ಕಾಲಕ್ಕೆ ಯಾಕೆ ಬೇಕು? ನಾನು 304 ಸ್ಟೀಲಿನದು ಹಾಕಿಸಿದ್ದೇನೆ, ಮೂರು ಖಾನೆ, ಮುಂದೆ ಜಾಳಿಗೆ ಬುಟ್ಟಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಒಂದು ಹನಿ ವಾಸನೆ ಇಲ್ಲ. ಬಾಣಲೆಯ ಹಳೆ ಎಣ್ಣೆಯನ್ನು ಮೋರಿಗೆ ಬಿಡುವುದೇ ಇಲ್ಲ, ಬಯೋಡೀಸೆಲ್‌ನವರಿಗೆ ಡಬ್ಬದಲ್ಲಿ ಕೊಡುತ್ತೇನೆ, ದುಡ್ಡೂ ಬರುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಕಾದು ಕಾದು ಎಣ್ಣೆ ಕೆಟ್ಟಾಗ ಹೆಚ್ಚುವ ಅಂಶ, ಶೇ 25 ದಾಟಿದರೆ ಬಳಸಬಾರದು ಅಂತ 2018ರಿಂದ ನಿಯಮವೇ ಇದೆ.

ಸೈಟ್_ನವನಗರ:
ತಪ್ಪು ಕಂಟ್ರಾಕ್ಟರನದು. ಲೈಸೆನ್ಸ್ ಇಲ್ಲದವನಿಗೆ ಕೆಲಸ ಕೊಟ್ಟರೆ ಇಷ್ಟೇ. ಪಿಡಬ್ಲ್ಯೂಡಿ ಕ್ಲಾಸ್ ನೋಂದಣಿ ಇತ್ತಾ ಕೇಳಿದ್ರಾ?

ಪೈಪ್_ಧಾರವಾಡ:
ಅಣ್ಣಾ, ಅದು ಸರ್ಕಾರಿ ಟೆಂಡರ್ ಹಾಕುವವರಿಗೆ. ಖಾನಾವಳಿ ಹಿತ್ತಲಿನ ಗುಂಡಿಗೆ ಯಾವ ಕ್ಲಾಸ್?

ಸೈಟ್_ನವನಗರ:
ನೋಂದಣಿ ಇದ್ದವನನ್ನು ಹಿಡಿಯಲು ಒಂದು ಹೆಸರು, ವಿಳಾಸ ಆದರೂ ಇರುತ್ತದೆ. ಇವರ ಹತ್ತಿರ ಬಿಲ್ ಆದರೂ ಇದೆಯಾ?

ಖಾನಾವಳಿ_ಹುಬ್ಬಳ್ಳಿ:
ಬಿಲ್ ಇಲ್ಲ. ಅದು ಬಿಡಿ, ನಾಲ್ಕು ದಿನ ಉಳಿದಿದೆ. ಹುಡುಗರನ್ನೂ ಕೇಳಿದೆ, ಕುದಿನೀರು ಇಲ್ಲ.

ಪೈಪ್_ಧಾರವಾಡ:
ಹಾಗಾದರೆ ಸೋಪು ಜಾಸ್ತಿ. ಅದೂ ಬಿಸಿನೀರಿನ ಹಾಗೇ ಜಿಡ್ಡು ಒಡೆಯುತ್ತದೆ.

ಗೌಂಡಿ_ಹಾವೇರಿ:
ಒಂದು ಮಾತು ಕೇಳಲಾ? ಮುಚ್ಚಳ ತೆಗೆದಾಗ ಎರಡೂ ಖಾನೆ ಕಾಣುತ್ತವಾ? ನೀರು ಹೊರಗೆ ಹೋಗುವ ಟೀ ಪೈಪ್ (ಇಂಗ್ಲಿಷ್ T ಆಕಾರದ್ದು) ನೀವು ಕಣ್ಣಾರೆ ನೋಡಿದ್ದು ಯಾವಾಗ?

ಖಾನಾವಳಿ_ಹುಬ್ಬಳ್ಳಿ:
ಒಂದೇ ಖಾನೆ ಕಾಣುತ್ತದೆ. ಹೋದ ವರ್ಷ ಮಳೆ ಬರುತ್ತದೆ ಅಂತ ಹಿಂದೆ ಪತ್ರಾಸ್ ಶೆಡ್ ಹಾಕಿ ಬಾಂಡೆ ತೊಳೆಯಲು ಕಟ್ಟೆ ಕಟ್ಟಿದೆವು, ಉಳಿದ ಅರ್ಧ ಅದರ ಫರ್ಶಿ ಕೆಳಗಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಹೇಳಲಿಲ್ಲ.

ಗೌಂಡಿ_ಹಾವೇರಿ:
ಇದನ್ನು ಮೊದಲೇ ಹೇಳಬೇಕಲ್ರೀ! ಒಂದು ವರ್ಷದಿಂದ ನೀವು ಅರ್ಧ ಟ್ರ್ಯಾಪ್ ತೆಗೆಯುತ್ತಿದ್ದೀರಿ. ಜಿಡ್ಡು ಮೇಲೆ ತೇಲುತ್ತದೆ, ಅಗಳು ಕೆಳಗೆ ಕೂರುತ್ತದೆ, ನಡುವಿನ ನೀರು ಟೀ ಬಾಯಿಂದ ಹೊರಗೆ ಹೋಗಬೇಕು. ಎರಡನೇ ಖಾನೆಯಲ್ಲಿ ಜಿಡ್ಡಿನ ಕೆನೆ ಬೆಳೆದು ಆ ಬಾಯಿಗೇ ಬಂದಿದೆ. ಸೋಮವಾರ ಮೊದಲನೆಯದು ಖಾಲಿ ಮಾಡಿದಾಗ ತಡೆಗೋಡೆ ಕೆಳಗಿನಿಂದ ಆಚೆಯ ನೀರೂ ಇಳಿಯುತ್ತದೆ, ಕೆನೆ ಜರುಗಿ ಎರಡು ದಿನ ದಾರಿ ಬಿಡುತ್ತದೆ, ಮತ್ತೆ ಕಟ್ಟುತ್ತದೆ. ಫರ್ಶಿ ಎತ್ತಿ. ರಾಡಿ ಹೀರುವ ಸಕ್ಕರ್ ಗಾಡಿ ಕರೆಸಿ ಎರಡೂ ಖಾನೆ ಎಳೆಸಿ. ಆಚೆ ಯುಜಿಡಿ (ಒಳಚರಂಡಿ) ಚೇಂಬರ್ ಕಟ್ಟಿಕೊಂಡಿದ್ದರೂ ಹುಡುಗರನ್ನು ಇಳಿಸಬೇಡಿ, ಗ್ಯಾಸ್‌ಗೆ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಕೇಸೂ ಆಗುತ್ತದೆ. ಆಮೇಲೆ ಒಂದು ಕೋಲು ಇಟ್ಟುಕೊಂಡು ಅಳೆಯಿರಿ, ಮೇಲಿನ ಜಿಡ್ಡು ಕೆಳಗಿನ ರಾಡಿ ಸೇರಿ ನೀರಿನ ಆಳದ ಕಾಲು ಭಾಗ ಆದರೆ ತೆಗೆಯುವ ಹೊತ್ತು. ಎರಡಡಿ ನೀರಿಗೆ ಆರು ಇಂಚು. ಸೋಮವಾರ, ಬುಧವಾರ ಅಂತ ಜಿಡ್ಡಿಗೆ ಗೊತ್ತಿಲ್ಲ.

ಸೈಟ್_ನವನಗರ:
ಕಟ್ಟೆ, ಶೆಡ್‌ಗೆ ಪರವಾನಗಿ?

ಖಾನಾವಳಿ_ಹುಬ್ಬಳ್ಳಿ:
ಪತ್ರಾಸ್‌ಗೂ ಪರವಾನಗಿ ತೆಗೆಸುತ್ತಾರಾ?

ಸೈಟ್_ನವನಗರ:
ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿದ್ದರೆ ಪತ್ರಾಸ್ ಆದರೇನು, ಸ್ಲ್ಯಾಬ್ ಆದರೇನು? ಅನುಮತಿ ಇಲ್ಲದ ಕಟ್ಟಡ ತೆಗೆಸಲು 1976ರ ಪಾಲಿಕೆ ಕಾಯ್ದೆಯಲ್ಲಿ 321ನೇ ಕಲಂ ಇದೆ. ತಪಾಸಣೆಗೆ ಬಂದವರು ಟ್ರ್ಯಾಪ್ ತೋರಿಸಿ ಅಂದರೆ ಮೊದಲು ಕಾಣುವುದೇ ಆ ಕಟ್ಟೆ. ನೋಂದಾಯಿತ ಎಂಜಿನಿಯರ್ ಒಬ್ಬರಿಗೆ ನಿಮ್ಮ ಮಂಜೂರಾದ ನಕ್ಷೆ ತೋರಿಸಿ, ಸುಮ್ನೆ ಧೈರ್ಯದ ಮೇಲೆ ಇರಬೇಡಿ.

ಖಾನಾವಳಿ_ಹುಬ್ಬಳ್ಳಿ:
ಇವತ್ತು ಬೆಳಗ್ಗೆ ಕಟ್ಟೆ ಒಡೆಸಿದೆ. ಗೌಂಡಿ ಅಣ್ಣಾರೆ, ನೀವು ಹೇಳಿದ್ದೇ ಖರೆ. ಎರಡನೇ ಖಾನೆಯಲ್ಲಿ ಒಂದೂ ಕಾಲು ಅಡಿ ದಪ್ಪ, ಮೇಣದ ಹಾಗೆ ಬಿಳಿ, ಸಲಿಕೆ ಹಾಕಿದರೆ ಹೆಂಟೆ ಹೆಂಟೆ ಬರುತ್ತಿತ್ತು. ನೀರು ಸರಾಗ ಹೋಗುತ್ತಿದೆ. ಫೋಟೋ ತೆಗೆದು ನೋಟಿಸ್‌ಗೆ ಉತ್ತರ ಬರೆದೆ. ಪತ್ರಾಸ್ ಇನ್ನೂ ಇದೆ, ನಾಳೆ ಎಂಜಿನಿಯರ್ ಬರುತ್ತಾರೆ. ಎರಡೂ ಖಾನೆಗೆ ಬೇರೆ ಬೇರೆ ಕಬ್ಬಿಣದ ಮುಚ್ಚಳ ಬೇಕು, ಹುಬ್ಬಳ್ಳಿಯಲ್ಲಿ ಎಲ್ಲಿ ಮಾಡಿಸಲಿ?

ಮೆಸ್_ಗದಗ:
ಕಬ್ಬಿಣ ಬೇಡ, ತುಕ್ಕು ಹಿಡಿಯುತ್ತದೆ. ನಮ್ಮದರ ಫೋಟೋ ಹಾಕುತ್ತೇನೆ, ತಡೆಯಿರಿ.

ಪೈಪ್_ಧಾರವಾಡ:
ಒಂದೂ ಕಾಲು ಅಡಿ ಬೆಳೆಯಬೇಕಾದರೆ ಯಾರೋ ಬಿಸಿನೀರು ಹಾಕಿಯೇ ಇದ್ದಾರೆ.