ಬಲೆಯ ಸೀಸದ ಗುಂಡು ಅಳತೆಗೆ ಬರ್ತಿಲ್ಲ, ಅಚ್ಚಿನ ತಪ್ಪಾ ನನ್ನ ತಪ್ಪಾ?

ತುಂಗೆದಡ (ತೀರ್ಥಹಳ್ಳಿ):
ಅಟ್ಟದಲ್ಲಿ ಅಜ್ಜನ ಬೀಸುಬಲೆ ಸಿಕ್ಕಿತು. ಬಲೆ ಇನ್ನೂ ಗಟ್ಟಿಯಾಗಿದೆ, ಆದರೆ ಅಂಚಿನ ಸೀಸದ ಗುಂಡು ಅರ್ಧಕ್ಕರ್ಧ ಉದುರಿಹೋಗಿವೆ. ಉಳಿದವು 9.9 ಎಂಎಂ ಆಸುಪಾಸು ಇವೆ. ಪೇಟೆಯಲ್ಲಿ ಆ ಅಳತೆಯದು ಸಿಗಲಿಲ್ಲ. ಸರಿ, ನಾನೇ ಎರಕ ಹೊಯ್ಯೋಣ ಅಂತ ಎರಡು ಅಲ್ಯೂಮಿನಿಯಂ ತುಂಡಿನಲ್ಲಿ 10 ಎಂಎಂ ಗುಂಡಿನ ಅಚ್ಚು ಕೊರೆಸಿದೆ. ದಾರ ಹೋಗುವ ತೂತಿಗೆ ವೆಲ್ಡಿಂಗ್ ರಾಡಿನ ಪೌಡರ್ ಕುಟ್ಟಿ ತೆಗೆದ 3.15ರ ಕಂಬಿ.

ಈಗ ನೋಡಿದರೆ ಒಂದೇ ಗುಂಡು ಒಂದು ಕಡೆ 9.85, ಅಡ್ಡ ತಿರುಗಿಸಿದರೆ 10.2. ತೂಕ 4.3 ಗ್ರಾಂನಿಂದ 5.1ರ ತನಕ. ಒಂದು ಕಡೆ ಭಾರ ಜಾಸ್ತಿಯಾದರೆ ಬಲೆ ದುಂಡಗೆ ಬಿಚ್ಚಿಕೊಳ್ಳುವುದಿಲ್ಲ, ಮಡಿಸಿದ ದೋಸೆ ಹಾಗೆ ನೀರಿಗೆ ಬೀಳುತ್ತದೆ, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿರುವುದು. ಅಚ್ಚನ್ನು ಇನ್ನೂ ಸ್ವಲ್ಪ ದೊಡ್ಡದು ಮಾಡಿಸಲಾ? ಸೀಸ ಹಳೇ ಬ್ಯಾಟರಿಯದು, ಕಾಯಿಸುವುದು ಬಚ್ಚಲ ಒಲೆಯಲ್ಲಿ.

ಲೇತ್ ಹುಡುಗ (ಶಿವಮೊಗ್ಗ):
ಅಣ್ಣ, ಅಚ್ಚು ಮುಟ್ಟಬೇಡಿ. 10.2 ಬರುತ್ತಿರುವುದು ಅಚ್ಚಿನ ಎರಡು ಹೋಳು ಸೇರುವ ಕಡೆ ಅಲ್ವಾ? ಹಾಗಿದ್ದರೆ ಅದು ಪೂರ್ತಿ ಮುಚ್ಚುತ್ತಿಲ್ಲ ಅಷ್ಟೇ. ಖಾಲಿ ಅಚ್ಚು ಮುಚ್ಚಿ ಬೆಳಕಿಗೆ ಹಿಡಿದು ನೋಡಿ, ಸಂದಿಯಲ್ಲಿ ಗೆರೆಯಂತೆ ಬೆಳಕು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಗುಂಡಿನ ಸುತ್ತ ತೆಳ್ಳಗೆ ರೆಕ್ಕೆ ತರಹ ಬಂದಿದೆಯಾ ಅಂತಲೂ ನೋಡಿ. ಕೊರೆದಾಗ ಉಳಿದ ಮುಳ್ಳು ಇರಬಹುದು, ಇಲ್ಲ ಮೊದಲ ಸಲ ಚೆಲ್ಲಿದ ಸೀಸ ಮುಖಕ್ಕೆ ಮೆತ್ತಿಕೊಂಡಿರಬಹುದು. ನುಣುಪು ಎಮ್ರಿ ಪೇಪರನ್ನು ಗಾಜಿನ ಮೇಲೆ ಹಾಸಿ ಮುಖವನ್ನು ಮೆತ್ತಗೆ ಉಜ್ಜಿ. ಜಾಸ್ತಿ ಉಜ್ಜಿದರೆ ಆ ಕಡೆ ಅಳತೆ 10ಕ್ಕಿಂತ ಕೆಳಗೆ ಹೋಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಹೋಳುಗಳು ಜಾರದ ಹಾಗೆ ಎರಡು ಪಿನ್ ಇದೆ ತಾನೇ? ಇಲ್ಲದಿದ್ದರೆ ಅದು ಮೊದಲು ಹಾಕಿಸಿ.

ಹಳೇ ಪ್ಯಾಟರ್ನ್ (ಭದ್ರಾವತಿ):
ಮೇಲಿನ ಹುಡುಗ ಹೇಳಿದ್ದು ಸರಿ. 9.85ರ ವಿಷಯ ಮಾತ್ರ ಬೇರೆ. ಎರಕದ ಮನೆಯಲ್ಲಿ ಮರದ ಮಾದರಿ ಮಾಡಿಯೇ ಕೂದಲು ಬೆಳ್ಳಗಾದವನು ನಾನು, ನಮಗೆ ಕುಗ್ಗುವ ಲೆಕ್ಕ ಬಾಯಿಪಾಠ. ಬೀಡು ಕಬ್ಬಿಣಕ್ಕೆ ನೂರಕ್ಕೆ ಒಂದು, ಉಕ್ಕಿಗೆ ಹತ್ತಿರ ಹತ್ತಿರ ಎರಡು ಬಿಡುತ್ತಿದ್ದೆವು. ಸೀಸ ಗಟ್ಟಿಯಾಗುವುದು 327 ಡಿಗ್ರಿಯಲ್ಲಿ, ಅಲ್ಲಿಂದ ಕೈಬಿಸಿಗೆ ಇಳಿಯುವಷ್ಟರಲ್ಲಿ ನೂರಕ್ಕೆ 0.9ರಷ್ಟು ಕುಗ್ಗುತ್ತದೆ. ಅಂದರೆ 10ರ ಅಚ್ಚಿನಿಂದ 9.91. ಅಚ್ಚು ಚೆನ್ನಾಗಿ ಕಾದಿದ್ದರೆ ಅದೂ ಹಿಗ್ಗಿರುತ್ತದೆ, ಆಗ 9.94 ತನಕ ಬರುತ್ತದೆ. ನಿಮ್ಮ ಅಜ್ಜನ ಗುಂಡು 9.9 ಅಂದರೆ ಅವರ ಅಚ್ಚೂ 10ರದ್ದೇ ಇದ್ದೀತು!

ನಿಮಗೆ ಇನ್ನೂ ಕಡಿಮೆ ಬಂದಿದೆ ಅಂದರೆ ಒಂದೋ ಅಚ್ಚು ತಣ್ಣಗಿದೆ, ಇಲ್ಲ ಸೀಸ ಅಂಟದಿರಲಿ ಅಂತ ಅಚ್ಚಿನೊಳಗೆ ದೀಪದ ಮಸಿ ದಪ್ಪಗೆ ಹಿಡಿದಿದ್ದೀರಿ. ಮಸಿ ಪದರವೂ ಅಳತೆ ತಿನ್ನುತ್ತದೆ.

ತೂಕದ ಏರುಪೇರು ಬೇರೆ ಕಾಯಿಲೆ. ಸೀಸ ದ್ರವದಿಂದ ಗಟ್ಟಿಯಾಗುವಾಗ ಒಳಗೆ ಜಾಗ ಖಾಲಿಯಾಗುತ್ತದೆ, ಅದನ್ನು ತುಂಬಲು ಮೇಲಿನ ಬಾಯಿಂದ ಬಿಸಿ ಸೀಸ ಇಳಿಯುತ್ತಿರಬೇಕು. ಬಾಯಿ ಸಣ್ಣದಾಗಿದ್ದರೆ ಅದೇ ಮೊದಲು ಹೆಪ್ಪುಗಟ್ಟಿ, ಗುಂಡಿನೊಳಗೆ ಪೊಳ್ಳು ಉಳಿಯುತ್ತದೆ. ಬಾಯಿ ಅಗಲ ಮಾಡಿ, ಹೊಯ್ದ ಮೇಲೆ ಮೇಲೊಂದು ಗುಡ್ಡೆ ನಿಲ್ಲುವಷ್ಟು ಜಾಸ್ತಿ ಹೊಯ್ಯಿರಿ. ನಿಮ್ಮ ಕಂಬಿ ಲೆಕ್ಕ ಹಿಡಿದರೆ ಒಳ್ಳೆ ಗುಂಡು 5 ಗ್ರಾಂ ಹತ್ತಿರ ತೂಗಬೇಕು. 4.3 ಬಂದದ್ದೆಲ್ಲ ವಾಪಸ್ ಸೌಟಿಗೆ. ಮೊದಲ ಏಳೆಂಟು ಸುಕ್ಕಾಗಿಯೇ ಬರುತ್ತವೆ, ಅವು ಅಚ್ಚು ಕಾಯಿಸಲಿಕ್ಕೆ ಅಂದುಕೊಳ್ಳಿ.

ಹೊಸನಗರದ ಅಕ್ಕ:
ಗುಂಡಿನ ಅಳತೆ ಆಮೇಲೆ ಆಗಲಿ. ಬಚ್ಚಲ ಒಲೆಯಲ್ಲಿ ಬ್ಯಾಟರಿ ಸೀಸ ಕಾಯಿಸುವುದಾ ಮಾರಾಯರೇ? ಅದರ ಪ್ಲೇಟಿನಲ್ಲಿ ಆಸಿಡ್ ಇರುತ್ತದೆ, ಕೆಲವು ಸಲ ಅದರಿಂದ ಬರುವ ಗಾಳಿಯೇ ವಿಷ. ಸೀಸದ ಧೂಳು, ಬೂದಿ ಮಕ್ಕಳ ಹೊಟ್ಟೆಗೆ ಹೋದರೆ ಬುದ್ಧಿಗೇ ಪೆಟ್ಟು. ಒಲೆ ಬೂದಿಯನ್ನು ತರಕಾರಿ ಗಿಡಕ್ಕೂ ಹಾಕುತ್ತೀರಲ್ಲ? ಪಂಕ್ಚರ್ ಅಂಗಡಿಯಲ್ಲಿ ಚಕ್ರಕ್ಕೆ ಹೊಡೆಯುವ ಹಳೇ ಸೀಸದ ತುಂಡು ಕೇಳಿ ತನ್ನಿ, ಅಂಗಳದಾಚೆ ಬೇರೆಯೇ ಒಲೆ ಹೂಡಿ. ಈಗ ಅಂಥ ತುಂಡುಗಳಲ್ಲಿ ಸತುವಿನದ್ದೂ ಬರುತ್ತದೆ, ಅದು 419 ಡಿಗ್ರಿಗೆ ಕರಗುವುದು, ಹಾಗಾಗಿ ಉರಿ ಹದದಲ್ಲಿದ್ದರೆ ಕರಗದೆ ಮೇಲೆ ತೇಲುತ್ತದೆ, ತೆಗೆದು ಬಿಸಾಕಿ. ಅದು ಕರಗಿ ಬೆರೆತರೆ ಎರಕ ಗಂಜಿ ತರಹ ಆಗಿ ಅಚ್ಚೇ ತುಂಬುವುದಿಲ್ಲ.

ಇನ್ನೊಂದು. ಈ ಜಡಿಮಳೆಯಲ್ಲಿ ಮಾಡಬೇಡಿ. ಅಚ್ಚಿನಲ್ಲೋ ಸೌಟಿನಲ್ಲೋ ಒಂದು ಹನಿ ನೀರಿದ್ದರೂ ಸೀಸ ಸಿಡಿದು ಮುಖಕ್ಕೆ ಬರುತ್ತದೆ. ನಮ್ಮ ಪಕ್ಕದ ಮನೆಯವರ ಮೊಣಕೈ ಮೇಲೆ ಇನ್ನೂ ಕಲೆ ಇದೆ. ಹತ್ತುಮೀನಿಗೆ ಅಂತ ಅವಸರವಾ? ಅವು ಮಳೆನೀರಿಗೆ ಎದುರಾಗಿ ಮೊಟ್ಟೆ ತುಂಬಿಕೊಂಡು ಹತ್ತುವ ಮೀನು, ಬಿಟ್ಟರೆ ಏನು ಗಂಟು ಹೋಗುತ್ತದೆ.

ತುಂಗೆದಡ (ತೀರ್ಥಹಳ್ಳಿ):
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಒಲೆ ವಿಷಯ ಅಮ್ಮನ ಕೈಲೂ ಸಾಕಷ್ಟು ಬೈಸಿಕೊಂಡೆ. ಒಲೆಯ ಬೂದಿಯೆಲ್ಲ ಚೀಲಕ್ಕೆ ತುಂಬಿ ಬೇರೆ ಇಟ್ಟಿದ್ದೇವೆ, ಬ್ಯಾಟರಿ ಗುಜರಿಯವನಿಗೆ ಹೋಯಿತು. ಹತ್ತುಮೀನಿಗಲ್ಲ, ಬೇಸಿಗೆಗೆ. ಚಿಬ್ಬಲಗುಡ್ಡೆ ಕಡೆ ಬಲೆ ತಿರುಗಿಸುವುದೂ ಇಲ್ಲ, ಅಲ್ಲಿನವು ದೇವರ ಮೀನು.

ಅಚ್ಚಿನ ಮುಖದಲ್ಲಿ ತೆಳ್ಳಗೆ ಸೀಸ ಮೆತ್ತಿತ್ತು, ಅಕ್ಕಿ ಕಾಳಿನಷ್ಟೇ ಜಾಗ. ಕೆರೆದು ತೆಗೆದೆ. ಮಸಿಯನ್ನು ಮೂರು ಸಲ ಹಿಡಿದಿದ್ದೆ, ಈಗ ಒಂದೇ ಸಲ. ಮೊನ್ನೆ ಹೊಳವಾದಾಗ ಗೇರಿನ ಮರದ ಹತ್ತಿರ ಒಲೆ ಹೂಡಿ ನಲವತ್ತು ಹೊಯ್ದೆ. ಎರಡೂ ಕಡೆ 9.92, 9.93. ಒಂಬತ್ತು ವಾಪಸ್ ಸೌಟಿಗೆ ಹೋದವು, ಉಳಿದವು 4.9ರಿಂದ 5ರ ಒಳಗೆ.

ಲೇತ್ ಹುಡುಗ (ಶಿವಮೊಗ್ಗ):
ಕಂಬಿ ಸಲೀಸಾಗಿ ಹೊರಬರುತ್ತಿದೆಯಾ? ನನ್ನದು ಪ್ರತಿ ಸಲ ಕಚ್ಚಿಕೊಳ್ಳುತ್ತಿತ್ತು.

ತುಂಗೆದಡ (ತೀರ್ಥಹಳ್ಳಿ):
ಕಂಬಿಯ ತುದಿ ಎಮ್ರಿಯಲ್ಲಿ ಉಜ್ಜಿ ಸ್ವಲ್ಪ ಮೊನಚು ಮಾಡಿದ್ದೇನೆ, ಅದಕ್ಕೂ ದೀಪದ ಮಸಿ ಹಿಡಿಯುತ್ತೇನೆ. ಗುಂಡು ಇನ್ನೂ ಬಿಸಿ ಇರುವಾಗಲೇ ಇಕ್ಕಳದಲ್ಲಿ ತಿರುಗಿಸಿ ಎಳೆದರೆ ಬರುತ್ತದೆ, ತಣಿಯಲು ಬಿಟ್ಟರೆ ಬಿಗಿಯಾಗಿ ಕಚ್ಚಿಕೊಂಡುಬಿಡುತ್ತದೆ.