ಮದ್ದು ಬಿಟ್ಟರೂ ಹಟ್ಟಿಯ ಕಚ್ಚುವ ನೊಣ ಸಾಯುವುದಿಲ್ಲ

ಪ್ರಶ್ನೆ | ಬ್ರಹ್ಮಾವರ
ನಾಲ್ಕು ದನ, ಸೊಪ್ಪು ಹಾಕುವ ಹಟ್ಟಿ. ಕರೆಯುವಾಗ ಕಾಲು ಝಾಡಿಸುವುದೇ ಕೆಲಸ. ಡೆಲ್ಟಾಮೆಥ್ರಿನ್ (12.5 ಮಿ.ಗ್ರಾಂ/ಮಿ.ಲೀ.) ಲೀಟರ್ ನೀರಿಗೆ 2 ಮಿ.ಲೀ.ನಂತೆ ಬಿಟ್ಟಾಯಿತು, ನಂತರ ಸೈಪರ್‌ಮೆಥ್ರಿನ್. ಮೂರು ದಿನಕ್ಕೆ ನೊಣ ಮತ್ತೆ ಅಷ್ಟೇ. ಡೋಸ್ ಏರಿಸಬಹುದಾ?

ಉತ್ತರ | ಕಾರ್ಕಳ
ಏರಿಸಬೇಡಿ ಮಾರಾಯ್ರೆ. ಹಾಲಿಗೆ ಮದ್ದಿನ ಶೇಷ ಬರುತ್ತದೆ, ಗಟ್ಟಿ ನೊಣ ಮಾತ್ರ ಉಳಿದು ಸಂತಾನ ಬೆಳೆಸುತ್ತದೆ. ಆ ಎರಡೂ, ಬೆನ್ನಿಗೆ ಸುರಿಯುವ ಫ್ಲುಮೆಥ್ರಿನ್ ಕೂಡ, ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿನ ಮದ್ದುಗಳೇ. ಕೆಲಸ ಮಾಡುವುದು ನರದ ಸೋಡಿಯಂ ಚಾನೆಲ್ (ನರದ ಸಂಕೇತ ಸಾಗಲು ಸೋಡಿಯಂ ಒಳಬಿಡುವ ಬಾಗಿಲು) ಮೇಲೆ. ಅದು ಬದಲಾದ ನೊಣಕ್ಕೆ ಒಂದು ನಾಟದಿದ್ದರೆ ಇನ್ನೊಂದೂ ನಾಟುವುದು ಕಷ್ಟ. ಬೇರೆ ಗುಂಪಿನ ಮದ್ದು ಅಮಿಟ್ರಾಜ್ ಉಣ್ಣಿಗೆ ಸರಿ, ನೊಣಕ್ಕೆ ನಂಬಬೇಡಿ.

ಬಿಟ್ಟದ್ದು ಎಲ್ಲಿಗೆ? ಈ ನೊಣ ಕೂರುವುದು ಮೊಣಕಾಲ ಕೆಳಗೆ, ಹೊಟ್ಟೆಯಡಿ. ಕೆಲವೇ ನಿಮಿಷ ರಕ್ತ ಹೀರಿ ಗೋಡೆ, ಕಂಬಕ್ಕೆ ಹೋಗುತ್ತದೆ. ಬೆನ್ನಿಗೆ ಬಿಟ್ಟ ಮದ್ದು ದಂಡ. ಒದ್ದೆ ಸೊಪ್ಪಿನಲ್ಲಿ ನಿಂತ ಕಾಲಿನಲ್ಲೂ ಅದು ನಿಲ್ಲುವುದಿಲ್ಲ. ಬಟ್ಟೆ ಸೋಪಿನ ಪುಡಿ ಬೆರೆಸಿದರೆ ಕ್ಷಾರಕ್ಕೆ ಸತ್ವ ಹೋಗುತ್ತದೆ.

ಉತ್ತರ | ಮೂಡುಬಿದಿರೆ
ಮದ್ದು ನಿಮ್ಮ ನೊಣಕ್ಕೆ ನಾಟುತ್ತದೋ ಇಲ್ಲವೋ ಅಂದಾಜು ಬೇಡ, ನೋಡಿಯೇ ಬಿಡಿ. ಒಂದೇ ಅಳತೆಯ ಎರಡು ಗಾಜಿನ ಬಾಟ್ಲಿ. ಒಂದರ ಒಳಮೈಗೆ ಅದೇ 2 ಮಿ.ಲೀ. ದ್ರಾವಣ, ಇನ್ನೊಂದಕ್ಕೆ ಬರೀ ನೀರು. ಸುರಿದು ಚೆಲ್ಲಿ ನೆರಳಲ್ಲಿ ಒಣಗಿಸಿ. ತಲಾ 15–20 ನೊಣ ಹಾಕಿ ಬಟ್ಟೆ ಕಟ್ಟಿ, ಮೇಲೆ ಸಕ್ಕರೆ ನೀರಿನ ಹತ್ತಿ ಇಡಿ. ಮುಂದಕ್ಕೆ ಸೂಜಿಯಂಥ ಸೊಂಡಿಲು ಚಾಚಿದ್ದನ್ನೇ ಹಿಡಿಯಬೇಕು, ಮನೆ ನೊಣ ಸೇರಿದರೆ ಲೆಕ್ಕ ಕೆಡುತ್ತದೆ. ಒಂದು ಗಂಟೆಗೆ ಬಿದ್ದದ್ದು, ಮರುದಿನ ಸತ್ತದ್ದು ಎಣಿಸಿ. ಬಿದ್ದು ಮತ್ತೆ ಎದ್ದರೆ ಮೈಯೊಳಗೆ ಮದ್ದನ್ನು ಒಡೆದು ಜೀರ್ಣಿಸುತ್ತಿರಬಹುದು. ನೀರಿನ ಬಾಟ್ಲಿಯಲ್ಲೇ ಐದರಲ್ಲೊಂದಕ್ಕಿಂತ ಹೆಚ್ಚು ಸತ್ತರೆ ಪರೀಕ್ಷೆ ಹಾಳು.

ಪ್ರಶ್ನೆ ಕೇಳಿದವರು
ಬಿಟ್ಟದ್ದು ಬೆನ್ನಿಗೇ! ಗೊಬ್ಬರದ ಗುಂಡಿಗೂ ಅದೇ ಮದ್ದು ಬಿಡಬಹುದಾ?

ಉತ್ತರ | ಕಾರ್ಕಳ
ಬೇಡವೇ ಬೇಡ. ನೊಣದ ಕೋಶದಲ್ಲಿ (ಹುಳ ನೊಣವಾಗುವ ಮುಂಚಿನ ಗೂಡು) ಮೊಟ್ಟೆಯಿಡುವ ಸಣ್ಣ ಕಣಜಗಳೂ ಅಲ್ಲೇ ಇರುತ್ತವೆ, ಮೊದಲು ಸಾಯುವುದು ಅವು. ತೋಡಿಗೆ ಹರಿದರೆ ಮೀನು, ಸಿಗಡಿ ಉಳಿಯುವುದಿಲ್ಲ.

ಕಚ್ಚುವ ನೊಣಕ್ಕೆ ಬೇಕಾದದ್ದು ಗಂಜಲ, ಸೆಗಣಿ ಬೆರೆತು ಕೊಳೆತ ಬೈಹುಲ್ಲು, ಸೊಪ್ಪು. ನಮ್ಮ ಸೆಕೆಗೆ ಮೊಟ್ಟೆಯಿಂದ ನೊಣವಾಗಲು ಎರಡು-ಮೂರು ವಾರ. ಹಾಗಾಗಿ ವಾರಕ್ಕೊಮ್ಮೆ ಹಟ್ಟಿಯ ಗೊಬ್ಬರ ಪೂರ್ತಿ ತೆಗೆಯಿರಿ. ಬಾನಿಯ ಬುಡ, ನೀರು ಚೆಲ್ಲುವ ಮೂಲೆ ಕೆರೆದು ನೋಡಿ: ಮಾಸಲು ಬಿಳಿ ಹುಳ, ಕಂದು ಕೋಶ ಸಿಕ್ಕರೆ ಅದೇ ಜಾಗ. ಬೇಸಿಗೆಯಲ್ಲಾದರೆ ಅಡಿಕೆ ಬುಡಕ್ಕೆ ತೆಳುವಾಗಿ ಹರಡಿ ಒಣಗಿಸಿ. ಮಳೆಗಾಲದಲ್ಲಿ ಎತ್ತರಕ್ಕೆ ರಾಶಿ ಹಾಕಿ ಟಾರ್ಪಾಲು ಮುಚ್ಚಿ, ಅಂಚಿಗೆ ಮಣ್ಣು ಹಾಕಿ; ನಡುವಿನ ಬಿಸಿಗೆ ಹುಳ ಅಂಚಿಗೇ ಬರುವುದು.